ಮೂರು ತಿಂಗಳಿದ್ದರೆ ಕಾಸೆಲ್‌ನಲ್ಲೇ ಬೀಡುಬಿಡಿ

ಯುರೋಪಿನಲ್ಲಿ ಮೂರು ತಿಂಗಳಿದ್ದು ಸಮಕಾಲೀನ ಕಲಾಪ್ರದರ್ಶನ ನೋಡಲು ಯಾವ ಊರು ಸೂಕ್ತವೆಂದು ಕೇಳಿದ್ದೀರಿ. ನೀವು ಶಿಲ್ಪಿಯಾದ್ದರಿಂದ 2027ರ ಬೇಸಿಗೆಗೆ ಜರ್ಮನಿಗೇ ಹೋಗಿ ಎನ್ನುತ್ತೇನೆ. ಐದು ವರ್ಷಕ್ಕೊಮ್ಮೆ ನೂರು ದಿನ ನಡೆಯುವ ಡಾಕ್ಯುಮೆಂಟಾ ಎಂಬ ಸಮಕಾಲೀನ ಕಲಾಪ್ರದರ್ಶನ ಕಾಸೆಲ್‌ನಲ್ಲಿ, ಹತ್ತು ವರ್ಷಕ್ಕೊಮ್ಮೆ ಬರುವ ಶಿಲ್ಪ ಪ್ರದರ್ಶನ ಮ್ಯೂನ್‌ಸ್ಟರ್‌ನಲ್ಲಿ; ಎರಡೂ ಆ ವರ್ಷವೇ.

ಪ್ರದರ್ಶನಾಂಗಣಗಳಿಗೆ ಧಾವಿಸುವ ಮೊದಲು ಕಾಸೆಲ್‌ನ ಬೀದಿಗಳಲ್ಲಿ ಅಡ್ಡಾಡಿ. ಜರ್ಮನ್ ಕಲಾವಿದ ಜೋಸೆಫ್ ಬಾಯ್ಸ್ 1982ರಲ್ಲಿ ಆರಂಭಿಸಿದ 7000 ಮರಗಳ ಕೃತಿ ಅಲ್ಲಿ ಇನ್ನೂ ಬೆಳೆಯುತ್ತಿದೆ. ಪ್ರತಿ ಮರದ ಪಕ್ಕದಲ್ಲೂ ಒಂದು ಬಸಾಲ್ಟ್ ಕಲ್ಲುಕಂಬ. ನೆಟ್ಟಾಗ ಸಸಿಗಿಂತ ಕಲ್ಲೇ ದಪ್ಪ. ಈಗ ಹಲವೆಡೆ ಕಾಂಡವೇ ಕಲ್ಲನ್ನು ಮೀರಿಸಿದೆ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಿ ಮುಗಿಸುವವರ ಕಣ್ಣಿಗೆ ಇದು ಬೀಳುವುದೇ ಇಲ್ಲವೆಂಬ ಸಂಕಟ ನನಗಿದೆ.

ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ಅಲ್ಪಾವಧಿ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯೊಳಗೆ ಗರಿಷ್ಠ 90 ದಿನ ಮಾತ್ರ ಇರಬಹುದು. ಜೂನ್‌ನಿಂದ ಆಗಸ್ಟ್‌ವರೆಗೆ 92 ದಿನವಾಗುತ್ತದೆ. ಎಣಿಸಿಯೇ ಟಿಕೆಟ್ ತೆಗೆಯಿರಿ.