ಫಿಲ್ಮ್ ಸ್ಕೂಲಿಗೆ ಹೋಗದೆ ಸಿನಿಮಾ ಇತಿಹಾಸ ಕಲಿಯೋಕಾಗುತ್ತಾ?

ಬಿಕಾಂ ಮುಗಿದಿದೆ, ಪುಣೆಗೆ ಹೋಗಿ ಓದೋ ಅನುಕೂಲ ಇಲ್ಲ, ಪ್ಯಾರಿಸ್‌ನಲ್ಲಿ ದುಡ್ಡು ಕೊಟ್ಟು ಬಂದವರಿಗೆ ಸಿನಿಮಾ ತೋರಿಸಿದ 1895ರ ಲೂಮಿಯೇರ್ ಸಹೋದರರಿಂದಾನೇ ಶುರು ಮಾಡ್ಬೇಕಾ ಅಂತ ಕೇಳಿದೀರ. ಬೇಡ. ನಾನು ಹಾಗೇ ಇಸವಿ ಪ್ರಕಾರ ನೋಡ್ಕೊಂಡು ಹೋಗಿ ಇಪ್ಪತ್ತು ಸಿನಿಮಾ ಆಗೋಷ್ಟರಲ್ಲಿ ಬಿಟ್ಬಿಟ್ಟೆ, ಹೆಸರು ಇಸವಿ ಬಿಟ್ರೆ ತಲೇಲಿ ಏನೂ ಉಳೀಲಿಲ್ಲ.

ಒಂದೇ ಒಂದು ಸಿನಿಮಾ ಹಿಡ್ಕೊಳ್ಳಿ. ನಂಗೆ ಅದು ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ', 1977ರದ್ದು. ಮೊದಲು ಅನಂತಮೂರ್ತಿಯವರ ಕಥೆ ಓದಿ, ಆಮೇಲೆ ಸಿನಿಮಾ ನೋಡಿ. ಬಸುರಿಯಾದ ವಿಧವೆ ಯಮುನಕ್ಕನ ಪಾಡನ್ನ ನಾವು ನೋಡೋದು ವೇದಪಾಠಕ್ಕೆ ಬಂದಿರೋ ನಾಣಿ ಅನ್ನೋ ಚಿಕ್ಕ ಹುಡುಗನ ಜೊತೆ ನಿಂತು. ಹುಡುಗ ಹೆದರಿದ ಅಂತ ಬರೆಯೋಕೆ ಕಥೆಗಾರರಿಗೆ ಎರಡು ಪದ ಸಾಕು, ಕ್ಯಾಮೆರಾಗೆ ಆ ಪದ ಇಲ್ಲ, ಅವನು ಯಾರ ಮುಖ ನೋಡ್ತಾನೆ, ಎಷ್ಟು ದೂರದಿಂದ, ಎಷ್ಟು ಹೊತ್ತು, ಆಗ ಏನು ಕೇಳಿಸ್ತಿರುತ್ತೆ, ಇಷ್ಟರಲ್ಲೇ ಅದು ನಮಗೆ ಗೊತ್ತಾಗ್ಬೇಕು. ದೃಶ್ಯದಲ್ಲಿ ಕಥೆ ಹೇಳೋದು ಅಂದ್ರೆ ಇದೇ ಅಂತ ನಂಗೆ ಹೊಳೆದಿದ್ದು ಅಲ್ಲಿ.

ಒಂದು ಸೀನ್ ತಗೊಂಡು ಸೌಂಡ್ ಪೂರ್ತಿ ಆಫ್ ಮಾಡಿ ನೋಡಿ. ಆಮೇಲೆ ಅದೇ ಸೀನ್ ಕಣ್ಮುಚ್ಚಿ ಕೇಳಿ, ಬಿ.ವಿ. ಕಾರಂತರ ಸಂಗೀತ ಎಲ್ಲಿ ಬರುತ್ತೆ, ಎಲ್ಲಿ ಸುಮ್ನಿರುತ್ತೆ ಅಂತ. ಮೂರನೇ ಸಲ ಪ್ರತಿ ಕಟ್‌ಗೂ, ಅಂದ್ರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗೋ ಕಡೆಯೆಲ್ಲ, ನಿಲ್ಲಿಸಿ ಏನು ಕಂಡಿತು ಅಂತ ನೋಟ್‌ಬುಕ್ಕಲ್ಲಿ ಬರ್ಕೊಳ್ಳಿ. ಬೇಜಾರಿನ ಕೆಲಸ ಹೌದು, ಆದ್ರೂ ಮಾಡಿ.

ಇತಿಹಾಸ ಅಲ್ಲಿಂದ ತಾನಾಗೇ ಬಿಚ್ಕೊಳ್ಳುತ್ತೆ. ಕ್ಯಾಮೆರಾ ಹಿಡಿದ ಎಸ್. ರಾಮಚಂದ್ರ ಬೇರೆ ಏನೇನು ಮಾಡಿದ್ರು? ಕಾಸರವಳ್ಳಿ ಓದಿದ್ದು ಪುಣೆ ಫಿಲ್ಮ್ ಇನ್‌ಸ್ಟಿಟ್ಯೂಟಲ್ಲಿ, ಅದೇ ಊರಲ್ಲಿ 1964ರಲ್ಲಿ ಶುರುವಾದ, ಹಳೇ ಸಿನಿಮಾ ಕಾಪಾಡಿಡೋ ಫಿಲ್ಮ್ ಆರ್ಕೈವ್‌ಗೋಸ್ಕರ ಪಿ.ಕೆ. ನಾಯರ್ ಹಳೇ ರೀಲುಗಳನ್ನ ಹುಡುಕಿ ಹುಡುಕಿ ತಂದಿಟ್ರು. ಅವರ ಬಗ್ಗೆ ಓದ್ತಾ ಹೋದ್ರೆ ಏನೇನು ಕಳ್ಕೊಂಡಿದೀವಿ ಅನ್ನೋದೂ ಗೊತ್ತಾಗುತ್ತೆ. ಕನ್ನಡದ ಮೊದಲ ಟಾಕಿ, ಅಂದ್ರೆ ಮಾತು ಕೇಳಿಸೋ ಸಿನಿಮಾ, 1934ರ 'ಸತಿ ಸುಲೋಚನ', ಅದರ ಒಂದು ಪ್ರಿಂಟೂ ಉಳಿದಿಲ್ಲ, ನಂಗೆ ಈಗಲೂ ಹೊಟ್ಟೆ ಉರಿಯುತ್ತೆ. 'ಘಟಶ್ರಾದ್ಧ'ಕ್ಕೆ ಆ ಗತಿ ಬರಲಿಲ್ಲ, ರಿಸ್ಟೋರ್ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ರು.

ಬೆಂಗಳೂರಲ್ಲಿದ್ರೆ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಗೆ ಹೋಗಿ, ಜೊತೆಗೆ ಕೂತು ನೋಡಿ ಜಗಳ ಆಡೋ ಜನ ಸಿಗ್ತಾರೆ. ಇನ್ನೊಂದು, ಮೊದಲೆಲ್ಲ ಥಿಯೇಟರಲ್ಲಿ ಸಿನಿಮಾದ ಹಾಡಿನ ಪುಸ್ತಕ ಮಾರ್ತಿದ್ರು. ರೀಲು ಹಾಳಾಗಿರೋ ಎಷ್ಟೋ ಸಿನಿಮಾಗಳ ಕಥೆ, ನಟರ ಹೆಸರು ನಮಗೆ ಸಿಗೋದು ಅದರಿಂದಾನೇ, ಅವೆನ್ಯೂ ರೋಡ್ ಹಳೇ ಪುಸ್ತಕದ ರಾಶೀಲಿ ಒಂದು ಕಂಡ್ರೂ ಬಿಡ್ಬೇಡಿ.