ಎಲ್‌1 ಹಿಂದೆ ಸರಿದರೆ?

ಗುರುವಾರದ ತರಗತಿ ನೆನೆದರೆ ಬುಧವಾರ ರಾತ್ರಿಯೇ ಹೊಟ್ಟೆ ತೊಳಸುತ್ತದೆ ಎಂದು ಹೇಳಿಕೊಂಡು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದವರು ಸಾರ್ವಜನಿಕ ಆಡಳಿತದ ಅತಿಥಿ ಉಪನ್ಯಾಸಕರು. ವಯಸ್ಸು 34. (ಗುರುತು ಸಿಗುವ ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಇದೆ.) ಹೊಟ್ಟೆಯಲ್ಲಿ ದೋಷವಿಲ್ಲವೆಂದು ವೈದ್ಯರು ಆಗಲೇ ಹೇಳಿದ್ದರು.

ಆ ವರ್ಷ ಎಂ.ಎ. ತರಗತಿಯ ಸರ್ಕಾರಿ ಖರೀದಿ ಪತ್ರಿಕೆ ಇವರ ಪಾಲಿಗೆ ಬಂದಿತ್ತು. ಆಡಳಿತ ಸಿದ್ಧಾಂತದ ವೆಬರ್, ಫೇಯೋಲ್ ಎಂದರೆ ನಿದ್ದೆಗಣ್ಣಲ್ಲೂ ಪಾಠ ಮಾಡುವವರು, ಟೆಂಡರ್ ಕಡತವನ್ನು ಮಾತ್ರ ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ 1999ರ ಕಾಯ್ದೆಯನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಒಂದು ದಿನ, ಎಫ್‌ಡಿಎ ಕೆಲಸಕ್ಕೆ ರಜೆ ಹಾಕಿ ಓದಲು ಬಂದಿದ್ದ ವಿದ್ಯಾರ್ಥಿನಿ ಕೇಳಿದಳು: "ಸರ್, ಎಲ್‌1 ಹಿಂದೆ ಸರಿದರೆ ಎಲ್‌2ನ ಕರೀಬಹುದಾ?" ಅತಿ ಕಡಿಮೆ ದರ ಹಾಕಿದವನು ಕೈಕೊಟ್ಟರೆ ಎರಡನೆಯವನಿಗೆ ಕೊಡಬಹುದೇ ಎಂದು. ಇವರು "ಕರೀಬಹುದಮ್ಮಾ" ಎಂದುಬಿಟ್ಟರು. ಅವಳು ಮರುಮಾತಾಡದೆ ತಲೆ ತಗ್ಗಿಸಿದಳು. ಮನೆಗೆ ಹೋಗಿ ಹುಡುಕಿದರೆ, ಮರುಟೆಂಡರ್ ಕರೆಯಬೇಕು ಎನ್ನುತ್ತಿತ್ತು ಕೇಂದ್ರ ಜಾಗೃತ ಆಯೋಗದ 2007ರ ಸುತ್ತೋಲೆ.

"ಆ ತಗ್ಗಿಸಿದ ತಲೆ ಕಣ್ಣಮುಂದೆ ಬರುತ್ತೆ ಮೇಡಂ."

ಉತ್ತರ ತಪ್ಪಿದ್ದಕ್ಕಿಂತ, ಅದನ್ನು ಮೂರು ವಾರ ಮುಚ್ಚಿಟ್ಟದ್ದೇ ಅವರನ್ನು ಹಣ್ಣು ಮಾಡಿತ್ತು ಅನ್ನಿಸಿತು ನನಗೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಆದರೆ ಅದೊಂದನ್ನೇ ನೆಚ್ಚಬೇಡಿ ಎಂದೆ. ಮುಂದಿನ ಗುರುವಾರ ಮೊದಲ ಮಾತಾಗಿ "ಅವತ್ತು ನಾನು ಹೇಳಿದ್ದು ತಪ್ಪು" ಎನ್ನಿ, ಸುತ್ತೋಲೆ ಎಲ್ಲರ ಮುಂದೆ ಓದಿ. ಕಾರಣ ವಿವರಿಸಬೇಡಿ, ಕ್ಷಮೆಯನ್ನು ಎಳೆಯಬೇಡಿ. ಆಮೇಲೆ ಪಾಠ ನಿಲ್ಲಿಸಿ ಒಂದು ಖರೀದಿಯನ್ನೇ ಮಾಡಿಸಿ. ಹಾಸ್ಟೆಲ್ಲಿಗೆ 20 ಮೇಜು ಎನ್ನಿ. ಕೆಲವರು ಟೆಂಡರ್ ಕರೆಯಲಿ, ಕೆಲವರು ದರ ಹಾಕಲಿ. ಪರಿಶೀಲನೆಗೆ ಆ ವಿದ್ಯಾರ್ಥಿನಿಯನ್ನೇ ಕೂರಿಸಿ. ಅವಳಿಗೆ ಗೊತ್ತಿರುವುದು ನಿಮಗೆ ಅವಮಾನವಲ್ಲ, ತರಗತಿಗೆ ಸಿಕ್ಕ ಆಸ್ತಿ.

ಈ ಮಾತನ್ನು ನಾನು ಸಮಾಧಾನಕ್ಕಾಗಿ ಹೇಳಲಿಲ್ಲ. ಆ ಬೆಂಚುಗಳಲ್ಲಿ ಕೂತವರೇ ನಾಳೆ ಆಸ್ಪತ್ರೆಯ ಔಷಧಿಗೆ, ಶಾಲೆಯ ಸಮವಸ್ತ್ರಕ್ಕೆ ಟಿಪ್ಪಣಿ ಬರೆಯುವವರು.

ಮೂರನೇ ಭೇಟಿಗೆ ಮಡಿಸಿದ ಹಾಳೆಯೊಂದನ್ನು ತಂದಿದ್ದರು. ಹುಡುಗರು ಬರೆದ ವಿವರಣೆ: "ಉತ್ತಮ ಗುಣಮಟ್ಟದ ಮೇಜು." ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಅವಳ ಪ್ರಶ್ನೆ: "ಉತ್ತಮ ಅಂದರೆ ಯಾವ ಅಳತೆ?" ಉಳಿದ ಹೊತ್ತೆಲ್ಲ ತರಗತಿ ಟೇಪು ಹಿಡಿದು ತಮ್ಮ ಮೇಜುಗಳನ್ನೇ ಅಳೆಯಿತಂತೆ. ಇವರು ಟೇಪಿನ ಒಂದು ತುದಿ ಹಿಡಿದಿದ್ದರು.