ತಂಗಿಯ ಮಾತ್ರೆ ಕಿತ್ತುಕೊಳ್ಳಬೇಡಿ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೆನ್ನುನೋವಿಗೆಂದು ಶುರುವಾದ ಟ್ರಮಡಾಲ್ ಮಾತ್ರೆಯೇ ನಿಮ್ಮ ತಂಗಿಗೆ ಚಟವಾಯಿತು. ಈಗ ಡಾಕ್ಟರು ಆ ಚಟ ಬಿಡಿಸಲು ಅದೇ ಜಾತಿಯ ಬುಪ್ರೆನಾರ್ಫಿನ್ ಎಂಬ ಔಷಧಿ ಕೊಡುತ್ತಿದ್ದಾರೆ, ಅವಳು ಐದು ತಿಂಗಳ ಬಸುರಿ. ‘ಒಂದು ಚಟ ಬಿಡಿಸೋಕೆ ಇನ್ನೊಂದು ಚಟವಾ? ಮಗುವಿಗೋಸ್ಕರ ಇವತ್ತೇ ನಿಲ್ಲಿಸು ಅಂತ ಎಲ್ಲರೂ ಹೇಳ್ತಿದ್ದೀವಿ, ತಪ್ಪಾ?’ ಎಂದು ಕೇಳಿದ್ದೀರಿ.

ತಪ್ಪು. ನಿಮ್ಮ ಕಾಳಜಿಯಲ್ಲ, ಸಲಹೆ.

ದಿಢೀರ್ ನಿಲ್ಲಿಸಿದರೆ ವಾಂತಿ, ಭೇದಿ, ಮೈಕೈ ನೋವು ಮಾತ್ರವಲ್ಲ. ತುಂಬಾ ಜನ ತಡೆಯಲಾರದೆ ಹಳೇ ಮಾತ್ರೆಗೇ ವಾಪಸ್ ಹೋಗುತ್ತಾರೆ, ಅಷ್ಟರಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ, ಮೊದಲು ನುಂಗುತ್ತಿದ್ದಷ್ಟೇ ನುಂಗಿದರೂ ಉಸಿರೇ ನಿಲ್ಲಬಹುದು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಇಂಥ ಬಸುರಿಯರಿಗೆ ಬುಪ್ರೆನಾರ್ಫಿನ್ ಅಥವಾ ಅದೇ ಬಗೆಯ ಮೆಥಡೋನ್ ಮುಂದುವರಿಸಿ ಎಂದು ಹೇಳಿದೆ. ಇವು ಅಮಲಿನ ಏರಿಳಿತ ತಪ್ಪಿಸಿ ದಿನವಿಡೀ ಒಂದೇ ಸಮ ಇಡುತ್ತವೆ. ತಿಂಗಳು ತುಂಬುತ್ತಾ ಬಂದ ಹಾಗೆ ಡೋಸ್ ಹೆಚ್ಚಿಸಬೇಕಾಗಬಹುದು. ಆಗ ‘ಚಟ ಜಾಸ್ತಿ ಆಯ್ತು’ ಅಂತ ಮನೆಯಲ್ಲಿ ಗಲಾಟೆ ಮಾಡಬೇಡಿ, ಬಸುರಿಯ ದೇಹ ಔಷಧಿಯನ್ನು ಬೇಗ ಕರಗಿಸಿಬಿಡುತ್ತದೆ, ಅಷ್ಟೇ.

ಇನ್ನು ಮಗು. ನಿಮಗೆ ಸುಳ್ಳು ಹೇಳುವುದಿಲ್ಲ, ಕಷ್ಟವಾಗಬಹುದು. ಸಾಮಾನ್ಯವಾಗಿ ಹುಟ್ಟಿದ ಒಂದರಿಂದ ಮೂರು ದಿನದೊಳಗೆ, ಕೆಲವೊಮ್ಮೆ ಇನ್ನೂ ತಡವಾಗಿ, ಔಷಧಿ ತಪ್ಪಿದ ಲಕ್ಷಣಗಳು ಕಾಣಿಸುತ್ತವೆ. ಕೀರಲು ದನಿಯ ಅಳು, ನಡುಗುವ ಗಲ್ಲ, ಬಿಗಿಯಾದ ಕೈಕಾಲು, ಮೇಲಿಂದ ಮೇಲೆ ಸೀನು, ಆಕಳಿಕೆ. ಹಸಿವಿದ್ದರೂ ಮೊಲೆತೊಟ್ಟು ಹಿಡಿಯಲಾರದೆ ತಲೆ ಆಚೀಚೆ ಹೊರಳಿಸುತ್ತದೆ. ನೋಡಿದವರಿಗೆ ಕರುಳು ಚುರುಕ್ ಅನ್ನುತ್ತದೆ. ಆದರೆ ಇದಕ್ಕೆ ಚಿಕಿತ್ಸೆ ಇದೆ. ದಯವಿಟ್ಟು ಆ ಕೂಸನ್ನು ‘ಹುಟ್ಟು ಚಟಗಾರ’ ಅನ್ನಬೇಡಿ. ಅದರ ದೇಹ ಔಷಧಿಗೆ ಹೊಂದಿಕೊಂಡಿತ್ತು, ಈಗ ಅದಿಲ್ಲದೆ ಒದ್ದಾಡುತ್ತಿದೆ.

ಮೊದಲೆಲ್ಲ ಲಕ್ಷಣಗಳಿಗೆ ಅಂಕ ಹಾಕಿ, ಅಂಕ ಏರಿದರೆ ಮಾರ್ಫಿನ್ ಹನಿ ಕೊಡುತ್ತಿದ್ದರು. ಈಗ ಎಷ್ಟೋ ಕಡೆ ಮೂರೇ ಪ್ರಶ್ನೆ: ಹಾಲು ಕುಡಿಯಿತಾ, ಒಂದು ತಾಸಾದರೂ ನಿದ್ದೆ ಮಾಡಿತಾ, ಹತ್ತು ನಿಮಿಷದಲ್ಲಿ ಸಮಾಧಾನ ಆಯಿತಾ? ಅಮೆರಿಕದ 26 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ನೋಡಿಕೊಂಡ ಮಕ್ಕಳು ಸರಾಸರಿ ಸುಮಾರು 8 ದಿನಕ್ಕೆ ಮನೆಗೆ ಹೋಗಲು ಸಿದ್ಧವಾದವು. ಹಳೇ ಪದ್ಧತಿಯಲ್ಲಿ ಸುಮಾರು 15 ದಿನ ಬೇಕಾಯಿತು. ಔಷಧಿ ಬೇಕಾದ ಮಕ್ಕಳೂ ಕಡಿಮೆ.

ಇಲ್ಲಿ ಮುಖ್ಯ ಮದ್ದು ತಾಯಿಯೇ. ಮಂದ ಬೆಳಕು, ಸದ್ದಿಲ್ಲದ ಕೋಣೆ, ಬಟ್ಟೆ ಬಿಚ್ಚಿ ಎದೆಗೊತ್ತಿಕೊಂಡ ಮಗು. ಬೇರೆ ಅಮಲು ಪದಾರ್ಥ ಮುಟ್ಟದೆ, ಎಚ್‌ಐವಿಯಂಥ ತೊಡಕಿಲ್ಲದೆ ಇದೇ ಚಿಕಿತ್ಸೆಯಲ್ಲಿದ್ದರೆ ಎದೆಹಾಲು ಕೊಡಬಹುದು, ಕೊಟ್ಟರೆ ಮಗುವಿಗೂ ಹಗುರ. ಹೀಗಿರುವಾಗ ‘ನಿನ್ನಿಂದಲೇ ಆಯ್ತು’ ಅಂತ ಅವಳನ್ನು ತೊಟ್ಟಿಲಿಂದ ದೂರ ಕೂರಿಸಿದರೆ ಹೇಗೆ, ಅಲ್ವಾ?

ಹೆರಿಗೆಯ ಆಸ್ಪತ್ರೆಗೆ ಅವಳ ಔಷಧಿ, ಡೋಸ್ ಎಲ್ಲ ಈಗಲೇ ತಿಳಿಸಿ. ಮುಚ್ಚಿಟ್ಟರೆ ಅಪಾಯ: ಅಮಲಿಳಿಸುವ ನಲಾಕ್ಸೋನ್ ಇಂಥ ಕೂಸಿಗೆ ಬಿದ್ದರೆ ಫಿಟ್ಸ್ ಬರಬಹುದು. ಹೆರಿಗೆ ಆದ ಮೇಲೂ ಔಷಧಿ ನಿಲ್ಲಿಸುವ ಆತುರ ಬೇಡ. ನಿದ್ದೆಗೆಟ್ಟ ಬಾಣಂತನದ ತಿಂಗಳುಗಳಲ್ಲೇ ಮತ್ತೆ ಜಾರುವುದು ಜಾಸ್ತಿ, ಆಗ ರಾತ್ರಿ ಮಗು ಎತ್ತಿಕೊಳ್ಳಲು ನೀವು ಅವಳ ಜೊತೆಗಿರಿ.